ಗಂಗರ ರಾಜಧಾನಿ ತಲಕಾಡು: ನೋಡಲು ಹೋಗುವ ಜೈನ ಕುಟುಂಬಗಳಿಗೆ ಮಾಹಿತಿ

ರಾಜಧಾನಿ ಎಂದ ಕೂಡಲೇ ಇಂದು ಎಲ್ಲರಿಗೂ ನೆನಪಾಗುವುದು ಬೆಂಗಳೂರು. ಆದರೆ ಬೆಂಗಳೂರು ಒಂದು ಸಣ್ಣ ಊರಾಗಿದ್ದ ಕಾಲದಲ್ಲಿ ಕನ್ನಡ ನಾಡಿನ ದಕ್ಷಿಣ ಭಾಗವನ್ನು ಆಳುತ್ತಿದ್ದವರು ಗಂಗರು. ಅವರ ರಾಜಧಾನಿ ಕಾವೇರಿ ದಡದ ತಲಕಾಡು. ಶ್ರವಣಬೆಳಗೊಳದ ಗೊಮ್ಮಟೇಶ್ವರ ಮೂರ್ತಿಯನ್ನು ನಿಲ್ಲಿಸಿದ ಚಾವುಂಡರಾಯ ಈ ಗಂಗರ ಮಂತ್ರಿ ಹಾಗೂ ದಂಡನಾಯಕ. ಹೀಗಾಗಿ ತಲಕಾಡಿನ ಹೆಸರು ಕೇಳದ ಜೈನ ಮನೆ ರಾಜ್ಯದಲ್ಲಿ ಕಡಿಮೆ.

ಆದರೂ ತಲಕಾಡಿಗೆ ಹೋಗಿ ಬಂದ ಅನೇಕ ಕುಟುಂಬಗಳ ಮಾತು ಒಂದೇ. "ಜೈನ ಅರಸರ ರಾಜಧಾನಿ ಎಂದು ಹೋದೆವು, ಅಲ್ಲಿ ಮರಳು ಮತ್ತು ಶಿವಾಲಯಗಳನ್ನು ನೋಡಿ ಬಂದೆವು. ನಮ್ಮದು ಏನೂ ಕಾಣಲಿಲ್ಲ" ಎನ್ನುತ್ತಾರೆ. ಕೆಲವರು ಹೊಳೆಯಲ್ಲಿ ಸ್ನಾನ ಮಾಡಿ, ಊಟ ಮುಗಿಸಿ ಮರಳುತ್ತಾರೆ. ಅಲ್ಲಿ ನೋಡಬೇಕಾದ್ದು ಏನು, ಅಲ್ಲಿ ಇಲ್ಲದಿರುವುದು ಎಲ್ಲಿ ಸಿಗುತ್ತದೆ ಎಂಬ ಮಾಹಿತಿ ಮೊದಲೇ ಕೈಯಲ್ಲಿದ್ದರೆ ಪ್ರವಾಸ ವ್ಯರ್ಥವಾಗುವುದಿಲ್ಲ. ಅದಕ್ಕಾಗಿ ಈ ಲೇಖನ.

ಒಂದು ನೋಟದಲ್ಲಿ ತಲಕಾಡು

• ಜಿಲ್ಲೆ: ಮೈಸೂರು. ತಾಲ್ಲೂಕು: ತಿರುಮಕೂಡಲು ನರಸೀಪುರ (ತಿ. ನರಸೀಪುರ).
• ನದಿ: ಕಾವೇರಿ. ಊರು ನದಿಯ ಎಡದಂಡೆಯಲ್ಲಿದೆ.
• ಹಳೆಯ ಹೆಸರುಗಳು: ತಲವನಪುರ, ತಲವನನಗರ. ಚೋಳರ ಕಾಲದಲ್ಲಿ ರಾಜರಾಜಪುರ.
• ದೂರ: ಮೈಸೂರಿನಿಂದ ಸುಮಾರು 45 ಕಿ.ಮೀ. ಬೆಂಗಳೂರಿನಿಂದ ಮದ್ದೂರು, ಮಳವಳ್ಳಿ ಮಾರ್ಗವಾಗಿ ಸುಮಾರು 130 ಕಿ.ಮೀ.
• ಅನುಕೂಲವಾದ ರೈಲು ನಿಲ್ದಾಣ: ಮೈಸೂರು. ಅಲ್ಲಿಂದ ತಿ. ನರಸೀಪುರದ ಮೂಲಕ ಬಸ್ಸಿನಲ್ಲಿ ಬರಬಹುದು.
• ಆಳಿದವರು: ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರು ಒಡೆಯರು.

ಇದೇ ತಾಲ್ಲೂಕಿನಲ್ಲಿ ನದಿಯ ದಕ್ಷಿಣಕ್ಕೆ ಮೂಗೂರು ಇದೆ. ತ್ರಿಪುರಸುಂದರಿ ಅಮ್ಮನ ದೇವಸ್ಥಾನ ಹಾಗೂ ಜಾತ್ರೆಯಿಂದ ಇದು ಹೆಸರಾದ ಊರು. ಮೂಗೂರು ಮತ್ತು ತಲಕಾಡು ಎರಡೂ ಹೋಬಳಿ ಕೇಂದ್ರಗಳು. ನೇರವಾಗಿ ಅಳೆದರೆ ಹತ್ತಿರ, ಆದರೆ ಮಧ್ಯೆ ಕಾವೇರಿ ಹರಿಯುತ್ತದೆ. ಹಾಗಾಗಿ ತಿ. ನರಸೀಪುರದಲ್ಲಿ ನದಿ ದಾಟಿ ಸುತ್ತಿ ಬರುವುದು ರೂಢಿ. ಮೂಗೂರು, ಚಾಮರಾಜನಗರ, ನಂಜನಗೂಡು ಕಡೆಯ ಕ್ಷೇತ್ರಗಳನ್ನೂ ಸೇರಿಸಿ ಪ್ರವಾಸ ಹಾಕಿಕೊಂಡರೆ ಗಂಗವಾಡಿಯ ಒಳ್ಳೆಯ ಪರಿಚಯವಾಗುತ್ತದೆ.

ಗಂಗರು ಯಾರು?

ಗಂಗರ ಆಳ್ವಿಕೆ ಸುಮಾರು ಕ್ರಿ.ಶ. 350ರಿಂದ 1004ರ ಸುಮಾರಿನವರೆಗೆ, ಅಂದರೆ ಆರು ನೂರು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು. ಮೂಲ ಪುರುಷ ಕೊಂಗುಣಿವರ್ಮ ಮಾಧವ. ಮೊದಲ ರಾಜಧಾನಿ ಕುವಲಾಲ, ಅಂದರೆ ಇಂದಿನ ಕೋಲಾರ. ಹರಿವರ್ಮನ ಕಾಲದಲ್ಲಿ ರಾಜಧಾನಿ ತಲಕಾಡಿಗೆ ಬಂತು. 8ನೇ ಶತಮಾನದಲ್ಲಿ ಶ್ರೀಪುರುಷನು ಮಾನ್ಯಪುರದಿಂದಲೂ ಆಳಿದ. ಈ ಮಾನ್ಯಪುರವೇ ನೆಲಮಂಗಲ ತಾಲ್ಲೂಕಿನ ಮಣ್ಣೆ. ರಾಜ್ಯಕ್ಕೆ ಗಂಗವಾಡಿ 96,000 ಎಂದು ಹೆಸರು. ಆನೆ ಅವರ ರಾಜಚಿಹ್ನೆ. ಗಂಗರ ತಾಮ್ರಪಟಗಳ ಮುದ್ರೆಯಲ್ಲಿ ಇದೇ ಆನೆಯನ್ನು ಕಾಣಬಹುದು.

ಗಂಗ ರಾಜ್ಯದ ಹುಟ್ಟಿನ ಬಗ್ಗೆ ಜೈನ ಪರಂಪರೆಯಲ್ಲಿ ಪ್ರಸಿದ್ಧವಾದ ಕಥೆ ಇದೆ. ಶಿವಮೊಗ್ಗ ಜಿಲ್ಲೆಯ ಕಲ್ಲೂರುಗುಡ್ಡದ ಶಾಸನದಲ್ಲಿ ಇದನ್ನು ವಿವರವಾಗಿ ಹೇಳಿದೆ. ದಡಿಗ ಮತ್ತು ಮಾಧವ ಎಂಬ ಇಬ್ಬರು ರಾಜಕುಮಾರರು ದಕ್ಷಿಣಕ್ಕೆ ಬಂದಾಗ ಸಿಂಹನಂದಿ ಆಚಾರ್ಯರ ದರ್ಶನವಾಯಿತು. ಆಚಾರ್ಯರು ಅವರಿಗೆ ವಿದ್ಯೆ ಕಲಿಸಿ, ರಾಜ್ಯ ಕಟ್ಟಲು ನೆರವಾದರು. ತಮ್ಮ ನವಿಲುಗರಿಯ ಪಿಂಛವನ್ನೇ ಅವರ ಧ್ವಜಕ್ಕೆ ಗುರುತಾಗಿ ಕೊಟ್ಟರು.

ಜೊತೆಗೆ ಎಚ್ಚರಿಕೆಯನ್ನೂ ಕೊಟ್ಟರು. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಬಿಟ್ಟರೆ, ಪರಸ್ತ್ರೀಯರನ್ನು ಬಯಸಿದರೆ, ಮಧು ಮಾಂಸ ಸೇವಿಸಿದರೆ, ಬೇಡಿ ಬಂದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಬೆನ್ನು ತೋರಿದರೆ ನಿಮ್ಮ ಕುಲ ಉಳಿಯುವುದಿಲ್ಲ ಎಂಬುದು ಅದರ ಸಾರ. ಒಬ್ಬ ಮುನಿ ಅರಸನಿಗೆ ಹಾಕಿದ ಈ ಷರತ್ತುಗಳನ್ನು ಮಕ್ಕಳಿಗೆ ಓದಿ ಹೇಳಬಹುದು. ಇಂದಿಗೂ ಒಪ್ಪುವ ಮಾತುಗಳು ಅದರಲ್ಲಿವೆ.

ಒಂದು ವಿಷಯ ಗಮನದಲ್ಲಿರಲಿ. ಕಲ್ಲೂರುಗುಡ್ಡದ ಶಾಸನ 12ನೇ ಶತಮಾನದ್ದು. ಅಂದರೆ ಗಂಗರ ಆರಂಭದಿಂದ ಸುಮಾರು 770 ವರ್ಷ ನಂತರ ಬರೆಸಿದ್ದು. ಇದನ್ನು ಪರಂಪರೆಯ ಕಥೆ ಎಂದೇ ಹೇಳಬೇಕು. ಹಾಗೆಯೇ ಗಂಗರ ಎಲ್ಲ ಅರಸರೂ ಜೈನರಷ್ಟೇ ಆಗಿದ್ದರು ಎನ್ನುವುದೂ ಸರಿಯಲ್ಲ. ಅವರು ಬ್ರಾಹ್ಮಣರಿಗೆ ಭೂಮಿ ಕೊಟ್ಟಿದ್ದಾರೆ, ಶಿವಾಲಯಗಳಿಗೂ ದಾನ ಮಾಡಿದ್ದಾರೆ. ಬಸದಿಗಳನ್ನೂ ಮುನಿಸಂಘಗಳನ್ನೂ ಸಾಕಿದ್ದಾರೆ. ತಲಕಾಡಿನಲ್ಲಿ ಗಂಗರ ಕಾಲದ ಶಿವಾಲಯ ಕಂಡರೆ ಆಶ್ಚರ್ಯಪಡಬೇಕಿಲ್ಲ.

ಪುಸ್ತಕ ಬರೆದ ಅರಸರು

ಗಂಗರಲ್ಲಿ ವಿದ್ವಾಂಸರಾದ ಅರಸರು ಹಲವರು.

• ದುರ್ವಿನೀತ (6ನೇ ಶತಮಾನ): ಕನ್ನಡದ ಹಳೆಯ ಗ್ರಂಥ "ಕವಿರಾಜಮಾರ್ಗ"ದಲ್ಲಿ ಕನ್ನಡ ಗದ್ಯ ಬರೆದವರ ಸಾಲಿನಲ್ಲಿ ಇವನ ಹೆಸರಿದೆ. "ಸರ್ವಾರ್ಥಸಿದ್ಧಿ" ಮತ್ತು "ಜೈನೇಂದ್ರ ವ್ಯಾಕರಣ" ರಚಿಸಿದ ಪೂಜ್ಯಪಾದ ಆಚಾರ್ಯರು ಇವನ ಗುರುಗಳು ಎಂಬುದು ಪರಂಪರೆಯ ಮಾತು.
• ಶ್ರೀಪುರುಷ (8ನೇ ಶತಮಾನ): ಆನೆಗಳ ಬಗ್ಗೆ "ಗಜಶಾಸ್ತ್ರ" ಬರೆದವನು.
• 2ನೇ ಶಿವಮಾರ: ಇವನ ಹೆಸರಿನಲ್ಲಿ "ಗಜಾಷ್ಟಕ" ಪ್ರಸಿದ್ಧ.
• ಚಾವುಂಡರಾಯ: ಅರಸನಲ್ಲ, ಮಂತ್ರಿ. 978ರಲ್ಲಿ "ಚಾವುಂಡರಾಯ ಪುರಾಣ" ಬರೆದ. 63 ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಹೇಳಿದ ಗ್ರಂಥ ಇದು.

ಸಲ್ಲೇಖನ ಕೈಗೊಂಡ ಅರಸ

2ನೇ ಮಾರಸಿಂಹ 963ರಿಂದ ಆಳಿದ ಗಂಗ ಅರಸ. ರಾಷ್ಟ್ರಕೂಟರ ಪರವಾಗಿ ಅನೇಕ ಯುದ್ಧಗಳನ್ನು ಗೆದ್ದವನು. ಕೊನೆಗೆ ರಾಜ್ಯಭಾರವನ್ನು ಬಿಟ್ಟು, ಇಂದಿನ ಹಾವೇರಿ ಜಿಲ್ಲೆಯ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಕಾಲ ಸುಮಾರು 975. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ಬಸದಿಗಳ ಪ್ರಾಕಾರದ ಹತ್ತಿರ ನಿಂತಿರುವ ಕೂಗೆ ಬ್ರಹ್ಮದೇವರ ಕಂಬದ ಶಾಸನದಲ್ಲಿ ಈ ವಿವರ ಇದೆ. ಬೆಟ್ಟ ಹತ್ತಿದವರು ಆ ಕಂಬದ ಪಕ್ಕದಲ್ಲೇ ಹಾದುಹೋಗುತ್ತಾರೆ. ತಲಕಾಡಿನ ಒಬ್ಬ ಅರಸನ ಕೊನೆಯ ದಿನಗಳ ವಿಷಯ ಅದರಲ್ಲಿದೆ ಎಂದು ತಿಳಿದವರು ಕಡಿಮೆ.

ಮಾರಸಿಂಹನ ನಂತರ ಬಂದ ರಾಚಮಲ್ಲನ ಕಾಲದಲ್ಲಿಯೇ ಚಾವುಂಡರಾಯನು ದೊಡ್ಡಬೆಟ್ಟದ ಮೇಲೆ ಗೊಮ್ಮಟೇಶ್ವರನನ್ನು ನಿಲ್ಲಿಸಿದ. ಪ್ರತಿಷ್ಠೆಯ ವರ್ಷ 981 ಎಂದು ಸಾಮಾನ್ಯವಾಗಿ ಒಪ್ಪಿದ್ದಾರೆ. ಅದಕ್ಕಾಗಿಯೇ 1981ರಲ್ಲಿ ಸಹಸ್ರಾಬ್ದಿಯ ಮಹಾಮಸ್ತಕಾಭಿಷೇಕ ನಡೆಯಿತು. ಗೊಮ್ಮಟ ಎಂಬುದು ಚಾವುಂಡರಾಯನಿಗೂ ಇದ್ದ ಹೆಸರು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಅವನಿಗಾಗಿ ರಚಿಸಿದ ಗ್ರಂಥದ ಹೆಸರು "ಗೊಮ್ಮಟಸಾರ".

ರಾಜಧಾನಿ ಕೈಬಿಟ್ಟಿತು, ಬಸದಿಗಳು ಹಾಳಾದವು

ಗೊಮ್ಮಟನ ಪ್ರತಿಷ್ಠೆಯಾಗಿ ಕಾಲು ಶತಮಾನ ಕಳೆಯುವ ಮೊದಲೇ ಗಂಗರ ರಾಜ್ಯ ಮುಗಿಯಿತು. 1004ರ ಸುಮಾರಿಗೆ ಚೋಳರು ತಲಕಾಡನ್ನು ಗೆದ್ದು ರಾಜರಾಜಪುರ ಎಂದು ಹೆಸರಿಟ್ಟರು. ಒಂದು ಶತಮಾನಕ್ಕೂ ಹೆಚ್ಚು ಕಾಲ ಊರು ಅವರ ಕೈಯಲ್ಲಿತ್ತು. ಈ ಅವಧಿಯಲ್ಲಿ ಗಂಗವಾಡಿಯ ಅನೇಕ ಬಸದಿಗಳು ಆಶ್ರಯವಿಲ್ಲದೆ ಜೀರ್ಣವಾದವು.

1116ರ ಸುಮಾರಿಗೆ ಹೊಯ್ಸಳ ವಿಷ್ಣುವರ್ಧನನು ತಲಕಾಡನ್ನು ಗೆದ್ದು "ತಲಕಾಡುಗೊಂಡ" ಎಂಬ ಬಿರುದು ಪಡೆದ. ಅವನ ಚಿನ್ನದ ನಾಣ್ಯಗಳ ಮೇಲೂ ಈ ಬಿರುದು ಇದೆ. ಗೆಲುವಿನ ನೆನಪಿಗೆ ತಲಕಾಡಿನಲ್ಲಿ ಕೀರ್ತಿನಾರಾಯಣ ದೇವಾಲಯ ಕಟ್ಟಿಸಿದ. ಅದರ ಕಾಲ 1117.

ಯುದ್ಧದಲ್ಲಿ ಸೈನ್ಯ ನಡೆಸಿದ ದಂಡನಾಯಕ ಗಂಗರಾಜ ಜೈನ ಶ್ರಾವಕ. ಗೆದ್ದು ಬಂದ ಮೇಲೆ ಅರಸನು ಮೆಚ್ಚಿ ಏನು ಬೇಕೋ ಕೇಳು ಎಂದಾಗ ಗಂಗರಾಜನು ತನಗಾಗಿ ಏನನ್ನೂ ಕೇಳಲಿಲ್ಲ. ಅರಸನಿಂದ ಪಡೆದ ಗೋವಿಂದವಾಡಿ ಎಂಬ ಗ್ರಾಮವನ್ನು ಗೊಮ್ಮಟೇಶ್ವರನ ಪೂಜೆಗೆ ಬಿಟ್ಟ. ಪರಮ ಎಂಬ ಗ್ರಾಮವನ್ನು ತಾಯಿ ಪೋಚಿಕಬ್ಬೆ ಮತ್ತು ಪತ್ನಿ ಲಕ್ಷ್ಮಿ ಕಟ್ಟಿಸಿದ ಬಸದಿಗಳಿಗೆ ಬಿಟ್ಟ. ಗೊಮ್ಮಟನ ಸುತ್ತಲಿನ ಸುತ್ತಾಲಯ ಕಟ್ಟಿಸಿದವನೂ ಇವನೇ. ಗಂಗವಾಡಿಯಲ್ಲಿ ಹಾಳಾಗಿದ್ದ ಬಸದಿಗಳನ್ನು ಜೀರ್ಣೋದ್ಧಾರ ಮಾಡಿಸಿದ ಎಂದು ಶಾಸನಗಳು ಹೊಗಳಿವೆ. ಗಂಗರ ವಂಶ ಹೋದ ನಂತರ ಅವರ ಬಸದಿಗಳನ್ನು ಎತ್ತಿ ನಿಲ್ಲಿಸಿದವನು ಗಂಗರಾಜ. ಹೆಸರಿನಲ್ಲಿ ಗಂಗ ಎಂದಿದ್ದರೂ ಅವನು ಗಂಗ ವಂಶದ ಅರಸನಲ್ಲ, ಹೊಯ್ಸಳರ ದಂಡನಾಯಕ. ಇಲ್ಲಿ ಅನೇಕರಿಗೆ ಗೊಂದಲ ಆಗುತ್ತದೆ.

ಊರು ಮರಳಿನಡಿ ಹೋದ ಕಾರಣ

ತಲಕಾಡು ಎಂದರೆ ಜನಕ್ಕೆ ಮೊದಲು ನೆನಪಾಗುವುದು ಅಲಮೇಲಮ್ಮನ ಶಾಪ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡಾಗ ಅಲ್ಲಿ ವಿಜಯನಗರದ ಪ್ರತಿನಿಧಿಯಾಗಿದ್ದವರ ಪತ್ನಿ ಅಲಮೇಲಮ್ಮ ತಲಕಾಡಿಗೆ ಬಂದರು. ಒಡವೆಗಳಿಗಾಗಿ ಸೈನಿಕರು ಬೆನ್ನಟ್ಟಿದಾಗ ತಲಕಾಡು ಮರಳಾಗಲಿ, ಎದುರಿನ ಮಾಲಂಗಿ ಮಡುವಾಗಲಿ, ಮೈಸೂರು ಅರಸರಿಗೆ ಸಂತಾನವಾಗದಿರಲಿ ಎಂದು ಶಪಿಸಿ ಹೊಳೆಗೆ ಹಾರಿದರು ಎಂಬುದು ಐತಿಹ್ಯ.

ಭೂಮಿಯನ್ನು ಅಧ್ಯಯನ ಮಾಡಿದವರ ವಿವರಣೆ ಬೇರೆ. ತಲಕಾಡಿನಲ್ಲಿ ಕಾವೇರಿ ದೊಡ್ಡ ತಿರುವು ತೆಗೆದುಕೊಳ್ಳುತ್ತದೆ. ತಿರುವಿನ ಒಳಬದಿಯಲ್ಲಿ ನೀರಿನ ವೇಗ ಕಡಿಮೆ, ಅಲ್ಲಿ ಮರಳು ನಿಲ್ಲುತ್ತದೆ. ಮೇಲ್ಭಾಗದಲ್ಲಿ ವಿಜಯನಗರದ ಕಾಲದಲ್ಲಿ ಮಾಧವಮಂತ್ರಿ ಕಟ್ಟೆ ಕಟ್ಟಿದ ಮೇಲೆ ಕೆಳಗಿನ ಪಾತ್ರದಲ್ಲಿ ನೀರು ತಗ್ಗಿ ಮರಳಿನ ದಿಬ್ಬಗಳು ಬಯಲಾದವು. ನೈಋತ್ಯ ಗಾಳಿ ಅದನ್ನು ಎತ್ತಿ ಊರಿನ ಮೇಲೆ ಹಾಕುತ್ತಾ ಬಂತು. ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ ಮರಳು ಮುಂದೆ ಬರುತ್ತಿದೆ ಎಂದು ಬ್ರಿಟಿಷರ ಕಾಲದ ಗೆಜೆಟಿಯರ್‌ನಲ್ಲಿ ದಾಖಲಾಗಿದೆ. ಹೂತುಹೋದ ದೇವಾಲಯಗಳು ಮೂವತ್ತಕ್ಕೂ ಹೆಚ್ಚು ಎಂದೂ ಅದರಲ್ಲಿ ಹೇಳಿದೆ. ನಂತರ ಸರ್ವೆ ಮರಗಳನ್ನು ನೆಟ್ಟು ಮರಳನ್ನು ಹಿಡಿದು ನಿಲ್ಲಿಸುವ ಕೆಲಸ ಆಯಿತು. ಇಂದು ಕಾಣುವ ಸರ್ವೆ ತೋಪು ಅದೇ.

ಮಕ್ಕಳಿಗೆ ಎರಡನ್ನೂ ಹೇಳಬಹುದು, ಒಂದು ಕಥೆ, ಒಂದು ಕಾರಣ.

ಈಗ ತಲಕಾಡಿನಲ್ಲಿ ನೋಡುವಂಥವು

ತಲಕಾಡಿನಲ್ಲಿ ದರ್ಶನಕ್ಕೆ ಪ್ರಸಿದ್ಧವಾದವು ಪಂಚಲಿಂಗಗಳು: ವೈದ್ಯೇಶ್ವರ, ಪಾತಾಳೇಶ್ವರ, ಮರುಳೇಶ್ವರ, ಅರ್ಕೇಶ್ವರ ಮತ್ತು ಮಲ್ಲಿಕಾರ್ಜುನ. ಮಲ್ಲಿಕಾರ್ಜುನನ ಗುಡಿ ಹತ್ತಿರದ ಮುಡುಕುತೊರೆ ಬೆಟ್ಟದ ಮೇಲಿದೆ, ಅರ್ಕೇಶ್ವರ ವಿಜಯಾಪುರದಲ್ಲಿದೆ. ಕಾರ್ತಿಕ ಸೋಮವಾರದಂದು ನಿರ್ದಿಷ್ಟ ಯೋಗ ಕೂಡಿ ಬಂದ ವರ್ಷ ಪಂಚಲಿಂಗ ದರ್ಶನ ನಡೆಯುತ್ತದೆ. 2006, 2009, 2013 ಮತ್ತು 2020ರಲ್ಲಿ ನಡೆದಿದೆ. ಆ ದಿನಗಳಲ್ಲಿ ಜನಸಂದಣಿ ಬಹಳ. ಶಾಸನ, ಶಿಲ್ಪ ನೋಡುವ ಉದ್ದೇಶದಿಂದ ಹೋಗುವವರು ಬೇರೆ ದಿನ ಆರಿಸಿಕೊಳ್ಳುವುದು ಒಳ್ಳೆಯದು.

• ವೈದ್ಯೇಶ್ವರ: ಊರಿನ ದೊಡ್ಡ ದೇವಾಲಯ. ಬಾಗಿಲ ಎರಡೂ ಕಡೆಯ ದ್ವಾರಪಾಲಕರ ಶಿಲ್ಪಗಳನ್ನು ನಿಂತು ನೋಡಬೇಕು. ತಲ ಮತ್ತು ಕಾಡ ಎಂಬ ಇಬ್ಬರು ಬೇಡರು ಬೂರುಗದ ಮರಕ್ಕೆ ಕೊಡಲಿ ಹಾಕಿದಾಗ ರಕ್ತ ಬಂತು, ಮರದ ಎಲೆಯಿಂದಲೇ ಗಾಯ ವಾಸಿಯಾಯಿತು ಎಂಬ ಕಥೆ ಇಲ್ಲಿಯದು. ಊರಿಗೆ ಆ ಇಬ್ಬರ ಹೆಸರೇ ಬಂತು ಎನ್ನುತ್ತಾರೆ.
• ಪಾತಾಳೇಶ್ವರ ಮತ್ತು ಮರುಳೇಶ್ವರ: ಗಂಗರ ಕಾಲದವು. ಮರಳಿನ ಮಟ್ಟಕ್ಕಿಂತ ಕೆಳಗಿರುವುದರಿಂದ ಮೆಟ್ಟಿಲಿಳಿದು ಹೋಗಬೇಕು. ಸುತ್ತಲಿನ ಮರಳಿನ ಎತ್ತರ ನೋಡಿದರೆ ಊರು ಎಷ್ಟು ಆಳದಲ್ಲಿದೆ ಎಂದು ಗೊತ್ತಾಗುತ್ತದೆ.
• ಕೀರ್ತಿನಾರಾಯಣ: ಹೊಯ್ಸಳರದು. ಮರಳು ತೆಗೆದು, ಕಲ್ಲುಗಳನ್ನು ಬಿಚ್ಚಿ ಮತ್ತೆ ಜೋಡಿಸಿ ಪುರಾತತ್ತ್ವ ಇಲಾಖೆಯವರು ನಿಲ್ಲಿಸಿದ್ದಾರೆ. ಗಂಗರಾಜನು ಗೆದ್ದ ಯುದ್ಧದ ಸ್ಮಾರಕ ಇದೇ ಎಂದು ಇಲ್ಲಿ ನಿಂತು ನೆನಪಿಸಿಕೊಳ್ಳಬಹುದು.

ಈ ದರ್ಶನದ ದಾರಿಯಲ್ಲಿ ಬಸದಿ ಸಿಗುವುದಿಲ್ಲ. ನಿರಾಸೆ ಆಗುವುದು ಸಹಜ. ಆದರೆ ಆ ನಿರಾಸೆಯಲ್ಲಿ, ಇಲ್ಲಿರುವ ಗುಡಿಗಳೆಲ್ಲ ಮೊದಲು ಬಸದಿಗಳೇ ಆಗಿದ್ದವು ಎಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುವ ಮಾತನ್ನು ಆಧಾರವಿಲ್ಲದೆ ಮುಂದೆ ಕಳಿಸಬಾರದು. ಗಂಗರ ದಾನಗಳ ವಿಷಯ ತಿಳಿದವರಿಗೆ ಅದರ ಅಗತ್ಯವೂ ಬೀಳುವುದಿಲ್ಲ. ಶಾಸನದಲ್ಲಿ ಇರುವ ಹೆಮ್ಮೆಯ ವಿಷಯಗಳೇ ಸಾಕಷ್ಟಿವೆ.

ಗಂಗರ ಜೈನ ಗುರುತುಗಳು ಎಲ್ಲೆಲ್ಲಿವೆ?

ರಾಜಧಾನಿ ಮರಳಿನಡಿ ಇದ್ದರೂ ಅಲ್ಲಿಂದ ಆಳಿದವರ ಧರ್ಮಕಾರ್ಯ ಹೊರಗೆ ಉಳಿದಿದೆ.

1. ಶ್ರವಣಬೆಳಗೊಳ (ಹಾಸನ ಜಿಲ್ಲೆ): ಗೊಮ್ಮಟೇಶ್ವರ, ಚಿಕ್ಕಬೆಟ್ಟದ ಚಾವುಂಡರಾಯ ಬಸದಿ, ಮಾರಸಿಂಹನ ಕಂಬ. ಚಾವುಂಡರಾಯ ಬಸದಿಯ ಮೇಲಿನ ಅಂತಸ್ತನ್ನು ಅವನ ಮಗ ಜಿನದೇವಣ 995ರಲ್ಲಿ ಮಾಡಿಸಿದ. ಚಿಕ್ಕಬೆಟ್ಟದ ಬಂಡೆಯ ಮೇಲೆ ಕವಿ ರನ್ನನ ಹೆಸರು ಕೆತ್ತಿದೆ. ಗಂಗರಾಜನ ಕಾಲದ ಕತ್ತಲೆ ಬಸದಿ, ಶಾಸನ ಬಸದಿ, ಎರಡುಕಟ್ಟೆ ಬಸದಿಗಳೂ ಇಲ್ಲೇ ಇವೆ.

2. ಕಂಬದಹಳ್ಳಿ (ಮಂಡ್ಯ ಜಿಲ್ಲೆ, ನಾಗಮಂಗಲ ತಾಲ್ಲೂಕು): ಪಂಚಕೂಟ ಬಸದಿ. ಗಂಗರ ಕಾಲದ ಬಸದಿ ಶಿಲ್ಪ ನೋಡಲು ಇದಕ್ಕಿಂತ ಒಳ್ಳೆಯ ಸ್ಥಳ ಕಡಿಮೆ. ಎದುರಿಗಿನ ಎತ್ತರದ ಕಂಬದಿಂದಲೇ ಊರಿಗೆ ಹೆಸರು ಬಂದಿದೆ.

3. ಚಾಮರಾಜನಗರ: ಊರೊಳಗಿನ ಪಾರ್ಶ್ವನಾಥ ಬಸದಿ. ಊರಿನ ಹಳೆಯ ಹೆಸರು ಅರಕೊಟ್ಟಾರ. ವಿಷ್ಣುವರ್ಧನನ ಮತ್ತೊಬ್ಬ ಜೈನ ದಂಡನಾಯಕ ಪುಣಿಸ ಇದನ್ನು 1117ರಲ್ಲಿ ಕಟ್ಟಿಸಿದ. ತಲಕಾಡಿನ ಕೀರ್ತಿನಾರಾಯಣದ ವರ್ಷವೇ ಇದು. ನಷ್ಟಕ್ಕೆ ಬಿದ್ದ ವ್ಯಾಪಾರಿಗೆ, ಬಿತ್ತನೆ ಬೀಜವಿಲ್ಲದ ಒಕ್ಕಲಿಗೆ, ಅಧಿಕಾರ ಕಳೆದುಕೊಂಡವರಿಗೆ ಪುಣಿಸನು ಕೈ ಹಿಡಿದು ನೆರವಾದ, ಗಂಗವಾಡಿಯ ಬಸದಿಗಳನ್ನು ಗಂಗರ ಕಾಲದಂತೆ ಅಲಂಕರಿಸಿದ ಎಂದು ಇಲ್ಲಿಯ ಶಾಸನದಲ್ಲಿದೆ. ಯುದ್ಧವಾದ ನಾಡಿನಲ್ಲಿ ಸಾಮಾನ್ಯ ಜನರ ಕಷ್ಟ ನೋಡಿದ ಶ್ರಾವಕನ ದಾಖಲೆ ಇದು. ವ್ಯಾಪಾರ ಮಾಡುವ ನಮ್ಮ ಕುಟುಂಬಗಳು ತಪ್ಪದೆ ನೋಡಬೇಕಾದ ಸ್ಥಳ.

4. ಕನಕಗಿರಿ, ಮಲೆಯೂರು (ಚಾಮರಾಜನಗರ ಜಿಲ್ಲೆ): ಪೂಜ್ಯಪಾದ ಆಚಾರ್ಯರ ಹೆಸರಿನೊಂದಿಗೆ ಕೂಡಿದ ಬೆಟ್ಟದ ಕ್ಷೇತ್ರ. ಬೆಟ್ಟದ ಮೇಲೆ ಪಾರ್ಶ್ವನಾಥ ಸ್ವಾಮಿಯ ಬಸದಿ. "ರಾಜಾವಳಿ ಕಥೆ" ಬರೆದ ದೇವಚಂದ್ರ ಈ ಊರಿನವರು. 1804ರಲ್ಲಿ ಕರ್ನಲ್ ಮೆಕೆಂಜಿ ಈ ಕಡೆ ಬಂದಾಗ ಅವನಿಗೆ ಸ್ಥಳದ ಚರಿತ್ರೆ ತಿಳಿಸಿದವರು ಇವರೇ. ಗ್ರಂಥ 1838ರಲ್ಲಿ ಪೂರ್ತಿಯಾಯಿತು.

5. ಗೊಮ್ಮಟಗಿರಿ (ಮೈಸೂರು ಹತ್ತಿರ, ಇಲವಾಲದ ಕಡೆ): ಸುಮಾರು 18 ಅಡಿ ಎತ್ತರದ ಬಾಹುಬಲಿ ಮೂರ್ತಿ. ಪ್ರತಿವರ್ಷ ಮಸ್ತಕಾಭಿಷೇಕ ನಡೆಯುತ್ತದೆ.

6. ಬೆಂಗಳೂರು: ಇಂದಿನ ರಾಜಧಾನಿಯಲ್ಲೂ ಗಂಗರ ಗುರುತುಗಳಿವೆ. ಬೆಂಗಳೂರು ಎಂಬ ಹೆಸರು ಸಿಗುವ ಹಳೆಯ ದಾಖಲೆ ಗಂಗರ ಕಾಲದ್ದೇ. ಸುಮಾರು 900ರ ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿದೆ. ಹೆಬ್ಬಾಳದಲ್ಲಿ ಸಿಕ್ಕಿದ ಕಿತ್ತಯ್ಯನ ಕಲ್ಲು ಇನ್ನೂ ಹಳೆಯದು, ಶ್ರೀಪುರುಷನ ಕಾಲದ್ದು, ಸುಮಾರು 750. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಶಾಸನ ಇದೆ. 949ರ ಈ ಕಲ್ಲನ್ನು ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದರು. ಗಂಗ ಅರಸ ಬೂತುಗನ ಯುದ್ಧದ ವಿಷಯವೂ ಅದರಲ್ಲಿದೆ. ನಗರದಲ್ಲಿ ಇರುವ ಕುಟುಂಬಗಳು ತಲಕಾಡಿಗೆ ಹೊರಡುವ ಮೊದಲು ಮಕ್ಕಳಿಗೆ ಇದನ್ನು ತೋರಿಸಬಹುದು.

ಎರಡು ದಿನದ ಪ್ರವಾಸ ಹೀಗೆ ಮಾಡಬಹುದು

ಮೊದಲ ದಿನ: ಮೈಸೂರಿನಿಂದ ಬೆಳಿಗ್ಗೆ ಬೇಗ ಹೊರಟು ತಲಕಾಡು. ಬಿಸಿಲೇರುವ ಮೊದಲು ಮರಳಿನ ದಾರಿಯ ಗುಡಿಗಳನ್ನು ಮುಗಿಸಿ. ಮಧ್ಯಾಹ್ನದ ನಂತರ ಇದೇ ತಾಲ್ಲೂಕಿನ ಸೋಮನಾಥಪುರ. ಹೊಯ್ಸಳರ ಈ ಕೇಶವ ದೇವಾಲಯ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿತು. ಸಂಜೆಗೆ ಮೈಸೂರಿಗೆ ವಾಪಸ್ಸು.

ಎರಡನೇ ದಿನ: ತಿ. ನರಸೀಪುರ, ಮೂಗೂರು ಕಡೆಯಿಂದ ಚಾಮರಾಜನಗರಕ್ಕೆ ಹೋಗಿ ಪಾರ್ಶ್ವನಾಥ ಬಸದಿ ದರ್ಶನ. ಅಲ್ಲಿಂದ ಕನಕಗಿರಿ. ನಂಜನಗೂಡಿನ ಮೂಲಕ ಮೈಸೂರಿಗೆ ಹಿಂದಿರುಗುವುದು. ಮೂಗೂರು ಜಾತ್ರೆಯ ದಿನಗಳಲ್ಲಿ ರಸ್ತೆಯಲ್ಲಿ ಜನ ಹೆಚ್ಚು, ಸಮಯ ಸ್ವಲ್ಪ ಜಾಸ್ತಿ ಇಟ್ಟುಕೊಳ್ಳಬೇಕು. ತಿ. ನರಸೀಪುರದ ತ್ರಿವೇಣಿ ಸಂಗಮದಲ್ಲಿ ಕಾವೇರಿ ಮತ್ತು ಕಪಿಲಾ ಕೂಡುತ್ತವೆ. 1989ರಿಂದ ಇಲ್ಲಿ ಕುಂಭಮೇಳ ನಡೆಯುತ್ತಿದೆ. ಆ ದಿನಗಳಲ್ಲೂ ವಾಹನ ಸಂಚಾರ ಕಷ್ಟ.

ಊಟ, ನೀರು, ಬಿಸಿಲು

• ಸೂರ್ಯಾಸ್ತದ ಮೊದಲು ಊಟ ಮಾಡುವ ನಿಯಮ ಇರುವವರು ಬುತ್ತಿ ಕಟ್ಟಿಕೊಂಡು ಹೋಗುವುದು ಉತ್ತಮ. ದಾರಿಯ ಹೋಟೆಲುಗಳ ಸಾಂಬಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಸಾಮಾನ್ಯ. ಚಪಾತಿ, ಅವಲಕ್ಕಿ, ಹುರಿಗಡಲೆ ಚಟ್ನಿಪುಡಿ ಎರಡು ದಿನಕ್ಕೆ ಕೆಡುವುದಿಲ್ಲ.
• ಕಾಯಿಸಿ ಸೋಸಿದ ನೀರು ಮನೆಯಿಂದಲೇ ತೆಗೆದುಕೊಂಡು ಹೋಗಿ. ವಯಸ್ಸಾದವರಿಗೆ ಮರಳಿನಲ್ಲಿ ನಡೆದಾಗ ಬೇಗ ಬಾಯಾರಿಕೆ ಆಗುತ್ತದೆ.
• ಮಧ್ಯಾಹ್ನದ ಮರಳು ಕಾಲು ಸುಡುತ್ತದೆ. ಬರಿಗಾಲಲ್ಲಿ ನಡೆಯುವವರು ಬೆಳಿಗ್ಗೆ ಹತ್ತರೊಳಗೆ ಸುತ್ತು ಮುಗಿಸಬೇಕು.
• ಮಂಡಿ ನೋವು ಇರುವವರು ವೈದ್ಯೇಶ್ವರ ದೇವಾಲಯವನ್ನು ನೋಡಿ ಅಲ್ಲೇ ಕೂರಬಹುದು. ಮರಳಿನಲ್ಲಿ ನಡೆಯುವುದು ರಸ್ತೆಯಲ್ಲಿ ನಡೆದಂತೆ ಅಲ್ಲ.
• ನವೆಂಬರಿನಿಂದ ಫೆಬ್ರವರಿ ಅನುಕೂಲದ ಕಾಲ.

ಹೊಳೆಯ ಬಗ್ಗೆ ಎಚ್ಚರಿಕೆ

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ತಲಕಾಡಿನಲ್ಲಿ ಹೊಳೆ ಅಗಲವಾಗಿ, ನಿಧಾನವಾಗಿ ಹರಿಯುವಂತೆ ಕಾಣುತ್ತದೆ. ಮಕ್ಕಳು ಮೊಣಕಾಲುದ್ದ ನೀರಿನಲ್ಲಿ ಆಡುತ್ತಾ ಮುಂದೆ ಹೋಗುತ್ತಾರೆ. ಅಡಿಯಲ್ಲಿ ಮರಳು ಸರಿದು ಒಂದೇ ಹೆಜ್ಜೆಗೆ ಆಳ ಬರುವ ಮಡುಗಳಿವೆ. ಪ್ರವಾಸಕ್ಕೆ ಬಂದವರು, ಅದರಲ್ಲೂ ಕಾಲೇಜು ಹುಡುಗರು, ಇಲ್ಲಿ ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಈಜು ಬಲ್ಲವರೂ ಸತ್ತಿದ್ದಾರೆ.

ಮಳೆಗಾಲದಲ್ಲಿ ಕೃಷ್ಣರಾಜಸಾಗರ ಮತ್ತು ಕಬಿನಿ ಜಲಾಶಯಗಳಿಂದ ನೀರು ಬಿಟ್ಟಾಗ ಮಟ್ಟ ಇದ್ದಕ್ಕಿದ್ದಂತೆ ಏರುತ್ತದೆ. ಎರಡೂ ನದಿಗಳು ತಿ. ನರಸೀಪುರದಲ್ಲಿ ಸೇರಿ ತಲಕಾಡಿಗೆ ಬರುವುದರಿಂದ ಎರಡರ ನೀರೂ ಇಲ್ಲಿಗೆ ಬರುತ್ತದೆ. ಅಲ್ಲಿ ಮೋಡವಿಲ್ಲದೆ ಬಿಸಿಲಿದ್ದರೂ ನೀರು ಏರಬಹುದು. ಹರಿಗೋಲಿನಲ್ಲಿ ಹೋಗುವುದಾದರೆ ಲೈಫ್ ಜಾಕೆಟ್ ಇಲ್ಲದೆ ಹತ್ತಬೇಡಿ, ಹೆಚ್ಚು ಜನ ತುಂಬಿಸಿದರೆ ಇಳಿದುಬಿಡಿ. ಪಾಠಶಾಲೆಯ ಮಕ್ಕಳನ್ನು ಬಸ್ಸಿನಲ್ಲಿ ಕರೆತರುವವರು ಹೊಳೆಯ ಕಾರ್ಯಕ್ರಮವನ್ನೇ ಇಟ್ಟುಕೊಳ್ಳಬಾರದು. ದಡದಲ್ಲಿ ಕೂತು ನೋಡಿದರೆ ಸಾಕು.

ಮಕ್ಕಳಿಗೆ ಕೇಳಬಹುದಾದ ಪ್ರಶ್ನೆಗಳು

ಬಸ್ಸಿನಲ್ಲಿ ಹೋಗುವಾಗ ಕೇಳಿ. ಉತ್ತರ ಪಕ್ಕದಲ್ಲಿದೆ.

• ಗಂಗರ ಮೊದಲ ರಾಜಧಾನಿ ಯಾವುದು? – ಕೋಲಾರ.
• ಗಂಗರ ರಾಜಚಿಹ್ನೆ ಯಾವ ಪ್ರಾಣಿ? – ಆನೆ.
• ಗಂಗ ರಾಜ್ಯ ಕಟ್ಟಲು ನೆರವಾದರೆಂದು ಶಾಸನ ಹೇಳುವ ಆಚಾರ್ಯರು ಯಾರು? – ಸಿಂಹನಂದಿ.
• ಸಲ್ಲೇಖನ ಕೈಗೊಂಡ ಗಂಗ ಅರಸ ಯಾರು, ಎಲ್ಲಿ? – 2ನೇ ಮಾರಸಿಂಹ, ಬಂಕಾಪುರದಲ್ಲಿ.
• ತಲಕಾಡಿಗೆ ರಾಜರಾಜಪುರ ಎಂದು ಹೆಸರಿಟ್ಟವರು ಯಾರು? – ಚೋಳರು.
• ತಲಕಾಡಿನ ಗೆಲುವಿಗೆ ಪ್ರತಿಯಾಗಿ ಗಂಗರಾಜ ಪಡೆದ ಗೋವಿಂದವಾಡಿ ಯಾರಿಗೆ ಹೋಯಿತು? – ಗೊಮ್ಮಟೇಶ್ವರ ಸ್ವಾಮಿಗೆ.
• ಗಂಗರಾಜನ ನೆನಪಿಗೆ ಮಗ ಬೊಪ್ಪ ಕಟ್ಟಿಸಿದ ಬಸದಿ ಎಲ್ಲಿದೆ? – ಹಳೇಬೀಡಿನಲ್ಲಿ. 1133ರ ಪಾರ್ಶ್ವನಾಥ ಬಸದಿ ಅದು.
• ಶ್ರವಣಬೆಳಗೊಳದಲ್ಲಿ ಕಳೆದ ಮಹಾಮಸ್ತಕಾಭಿಷೇಕ ಯಾವಾಗ ನಡೆಯಿತು? – 2018ರಲ್ಲಿ.

ಪ್ರವಾಸ ಏರ್ಪಡಿಸುವವರಿಗೆ

ಸಂಘದ ವತಿಯಿಂದ ತಂಡ ಕರೆದೊಯ್ಯುವವರು ಹೊರಡುವ ಹಿಂದಿನ ದಿನ ಗಂಗರಾಜ ಮತ್ತು ಪುಣಿಸನ ಕಥೆಯನ್ನು ಹತ್ತು ನಿಮಿಷ ಹೇಳಿ. ಚಾಮರಾಜನಗರ ಮತ್ತು ಕನಕಗಿರಿಯಲ್ಲಿ ಬಸದಿ ತೆರೆಯುವ ಸಮಯವನ್ನು ಅಲ್ಲಿಯ ಸಮಾಜದವರಿಂದ ಮೊದಲೇ ತಿಳಿದುಕೊಳ್ಳಿ. ತಲಕಾಡಿನ ಗುಡಿಗಳಲ್ಲಿ ಅಲ್ಲಿಯ ಪದ್ಧತಿಗೆ ಗೌರವ ಕೊಡಿ. ಶಾಸನದ ಕಲ್ಲುಗಳ ಮೇಲೆ ಕುಂಕುಮ, ಎಣ್ಣೆ, ಬಣ್ಣ ಹಚ್ಚದಂತೆ ಮಕ್ಕಳಿಗೆ ಹೇಳಿ, ಅಕ್ಷರ ಅಳಿದರೆ ಮತ್ತೆ ಬರುವುದಿಲ್ಲ. ನಿಮ್ಮ ಊರಿನ ಹೊಲದಲ್ಲಿ, ಕೆರೆಯ ಏರಿಯಲ್ಲಿ ಅಕ್ಷರವಿರುವ ಕಲ್ಲು ಅಥವಾ ಜಿನಬಿಂಬ ಬಿದ್ದಿದ್ದರೆ ಅದನ್ನು ಎತ್ತಿ ಸಾಗಿಸಬೇಡಿ. ಇದ್ದ ಜಾಗದಲ್ಲೇ ಫೋಟೋ ತೆಗೆದು ಪುರಾತತ್ತ್ವ ಇಲಾಖೆಗೂ ಹತ್ತಿರದ ಬಸದಿಯವರಿಗೂ ತಿಳಿಸಿ. ಗಂಗವಾಡಿಯ ಚರಿತ್ರೆ ನಮಗೆ ತಿಳಿದಿರುವುದು ಇಂಥ ಕಲ್ಲುಗಳಿಂದಲೇ.